ಮೂಕವಾದ ಅಕ್ಕಿಕಾಳು

ನನಗೆ ದೆವ್ವದ ಭಯವಿಲ್ಲ. ಮದುವೆಮನೆಯ ಟಿವಿಯ ಭಯವಿದೆ. ನಗಬೇಡಿ. ಬೈಲಹೊಂಗಲದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಬರಲಾಗದ ನೆಂಟರಿಗೆ ಇಂಟರ್ನೆಟ್ಟಿನ ನನ್ನ ಚಾನೆಲ್ಲಿನಲ್ಲಿ ಮದುವೆಗಳನ್ನು ನೇರವಾಗಿ ತೋರಿಸುವುದೇ ಈಗ ನನ್ನ ಅನ್ನ.

ಅದೇ ದಿನ ಕ್ರಿಕೆಟ್ ಇದ್ದರೆ ನಾನು ಕೆಟ್ಟೆ. ಪಡಸಾಲೆಯ ಟಿವಿಯ ಕಾಮೆಂಟರಿ ನನ್ನ ಮೈಕಿಗೂ ಬೀಳುತ್ತದೆ. ಎಲ್ಲೋ ಕುಳಿತ ಯಂತ್ರವೊಂದು ಅದನ್ನು ಗುರುತಿಸಿ, ಪ್ರಸಾರದ ಹಕ್ಕು ಕೊಂಡವರ ಪರವಾಗಿ ನನ್ನನ್ನು ಹಿಡಿಯುತ್ತದೆ. ಎರಡು ಎಚ್ಚರಿಕೆ ಬಂದಾಗಿದೆ. ಮೂರನೆಯದು ಬಂದರೆ ಚಾನೆಲ್ ಬಂದ್, ಅದರೊಳಗಿನ ಮದುವೆಗಳೆಲ್ಲ ಮಾಯ. ದಂಪತಿಗಳೇನೋ ಸುಖವಾಗಿಯೇ ಇರುತ್ತಾರೆ; ಬೀದಿಗೆ ಬೀಳುವವನು ನಾನು. ಮೊಬೈಲು ಟಿಂಗ್ ಎಂದರೂ ಮೂರನೆಯದೇ ಬಂತೆಂದು ಓಡಿಹೋಗಿ ನೋಡುತ್ತೇನೆ.

ಮೊನ್ನೆ ಮುರಗೋಡದಲ್ಲಿ ಮದುವೆ. ಮನೆಯ ಮುಂದೆ ಹಂದರ, ಒಳಗೆ ಟಿವಿಯಲ್ಲಿ ಮ್ಯಾಚು. ಆರಿಸಿರೆಂದು ವಧುವಿನ ಕಾಕಾನಿಗೆ ಕೈಮುಗಿದೆ. ನೀವು ದುಡ್ಡು ಕೊಟ್ಟು ಕೊಂಡದ್ದು ನೋಡುವ ಹಕ್ಕು, ಊರಿಗೆಲ್ಲ ತೋರಿಸುವ ಹಕ್ಕಲ್ಲ ಎಂದು ವಕೀಲನ ಠೀವಿಯಲ್ಲಿ ವಿವರಿಸಿದೆ.

“ಟಿವಿ ನಮ್ಮದು, ರೀಚಾರ್ಜ್ ನಮ್ಮದು. ಅವರದೇನ್ ಗಂಟ್ ಹೋಗತೈತ್ರಿ?” ಎಂದರು ಅವರು.

ಇದಕ್ಕೆ ಕಾನೂನಿನಲ್ಲಿ ಉತ್ತರವಿದೆ, ಹಂದರದಲ್ಲಿಲ್ಲ.

ವಧೂವರರ ತಲೆಯ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೇ ಒಳಗೆ ಯಾರೋ ಟಿವಿಯ ದನಿ ಏರಿಸಿದರು. ಮೈಕ್ ಬಂದ್ ಮಾಡಿಬಿಟ್ಟೆ. ಮಂತ್ರ, ವಾದ್ಯ, ಹೆಂಗಸರ ಹಾಡು ಯಾವುದೂ ಹಂದರ ದಾಟಲಿಲ್ಲ. ಚಾನೆಲ್ ಉಳಿಯಿತು.

ಮರುದಿನ ಕಾಕಾ ಫೋನು ಮಾಡಿದರು. ವಧುವಿನ ಆಯಿ, ಎಂದರೆ ತಾಯಿಯ ತಾಯಿ, ಸಂಪಗಾಂವದಲ್ಲಿ ಹಾಸಿಗೆ ಹಿಡಿದವರು, ಮೊಬೈಲಿನಲ್ಲೇ ಮದುವೆ ನೋಡಿದವರು. ಆಗಿನಿಂದ ತುತ್ತು ಮುಟ್ಟಿಲ್ಲವಂತೆ. ಅಕ್ಕಿಕಾಳಿನ ಗಳಿಗೆಯಲ್ಲಿ ಕೆಟ್ಟ ಮಾತು ಕಿವಿಗೆ ಬೀಳಬಾರದೆಂದೇ ವಾದ್ಯ ಜೋರಾಗಿ ಬಾರಿಸುವುದಲ್ಲವೇ? ಅದೇ ನಿಂತರೆ ಏನೋ ಅಶುಭವಾಯಿತೆಂದು ಹಿರಿಯ ಜೀವ ಹೆದರದೇ? ನಾನು ಅಂಜುತ್ತಲೇ ಸಂಪಗಾಂವಕ್ಕೆ ಹೋದೆ.

“ಖರೇ ಹೇಳಪಾ, ಏನ್ ಮುಚ್ಚಿಟ್ಟೀರಿ ನನಗ?” ಎಂದರು ಆಯಿ.

“ಏನೂ ಇಲ್ರಿ ಆಯಿ. ವಾದ್ಯ ನಿಂತಿದ್ದಿಲ್ಲ. ನಾನ ಅಂಜಿ ಧ್ವನಿ ಬಂದ್ ಮಾಡಿದ್ನಿ.”

“ಹಂಗಾರ ಹೆಂಗ ಬಾರಿಸಿದ್ರು, ತೋರಸು.”

ಮೊಬೈಲಿನಲ್ಲಿ ಆ ಮೂಕ ಮದುವೆ ಹಚ್ಚಿದೆ. ನಾಚಿಕೆ ಬಿಟ್ಟು ಬಾಯಲ್ಲೇ ಸನಾದಿ ಊದಿದೆ, ತೊಡೆ ತಟ್ಟಿ ಡೋಲು ಬಾರಿಸಿದೆ. ಆಯಿ ಸೊಸೆಯಿಂದ ಹಿಡಿ ಅಕ್ಕಿ ತರಿಸಿಕೊಂಡು ಮೊಬೈಲಿನ ಮೇಲೆ ಹಾಕಿದರು, ಆಮೇಲೆ ಊಟ ಕೇಳಿದರು. ಅವರ ಹೆದರಿಕೆ ಅಲ್ಲಿಗೆ ಮುಗಿಯಿತು. ನನ್ನದು ಮುಗಿದಿಲ್ಲ, ಆದರೆ ಈಗ ಆ ಯಂತ್ರಕ್ಕಿಂತ, ನಾನೇ ಮಾಡಿದ ಆ ಮೌನಕ್ಕೇ ಹೆಚ್ಚು ಅಂಜುತ್ತೇನೆ.