ಉದ್ಘಾಟನೆಗೆ ಕಾದ ಖೋಲಿ

ಗುಲಬರ್ಗಾದಲ್ಲಿ ಓದು ಮುಗಿಸಿ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ದೇವದುರ್ಗ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ಶಿಕ್ಷಕಿಯಾಗಿ ಬಂದೆ. ಅಲ್ಲಿ ಐದನೆಯ ತರಗತಿಗೆ ವಿದ್ಯೆ ಮುಗಿಯುತ್ತಿತ್ತು. ಗಂಡುಹುಡುಗರು ಮುಂದೆ ದೇವದುರ್ಗಕ್ಕೆ ಹೋಗುತ್ತಿದ್ದರು. ಹೆಣ್ಣುಮಕ್ಕಳನ್ನು ಯಾರೂ ಕಳಿಸುತ್ತಿರಲಿಲ್ಲ. ಆರನೆಯ ತರಗತಿ ಮಂಜೂರಾಗಿ, ಅದಕ್ಕೆಂದು ಬೇಸಿಗೆಯಲ್ಲೇ ಹೊಸ ಖೋಲಿಯೊಂದು ಎದ್ದಾಗ, ಐದು ಪಾಸಾದ ಒಬ್ಬ ಹುಡುಗಿ ಎಲ್ಲರಿಗಿಂತ ಮೊದಲು ಬಂದು ಕಿಟಕಿಯಿಂದ ಇಣುಕಿದಳು. ಇಣುಕಬಹುದಿತ್ತು, ಅಷ್ಟೇ. ಬಾಗಿಲಿಗೆ ಬೀಗ.

"ರಾಯಚೂರಿಂದ ಶಿಕ್ಷಣ ಇಲಾಖೆ ಸಾಹೇಬ್ರು ಬಂದು ರಿಬ್ಬನ್ ಕತ್ತರಿಸೋಮಟ ಯಾರೂ ಒಳಗ ಕಾಲಿಡಂಗಿಲ್ರಿ ಅಕ್ಕೋರೆ," ಎಂದರು ಹೆಡ್ ಮಾಸ್ತರು. "ಸುಣ್ಣ ಹೊಲಸಾಗ್ತದ."

"ಅಲ್ಲಿತನಕ ವರಾಂಡದಾಗ ಪಾಠ ಸುರು ಮಾಡ್ತೀನ್ರಿ," ಎಂದೆ.

"ಖೋಲಿ ಇಟ್ಕೊಂಡು ವರಾಂಡದಾಗ ಕೂಡಿಸಿದ್ರ ಸಾಹೇಬ್ರು ಏನ್ ತಿಳ್ಕೊಂತಾರ?"

ಸಾಹೇಬರು ಏನು ತಿಳಿದುಕೊಂಡಾರು ಎಂಬ ಚಿಂತೆಯಲ್ಲೇ ಮುಂಗಾರು ಕಳೆಯಿತು. ಒಮ್ಮೆ ಅಮಾವಾಸ್ಯೆ ಅಡ್ಡ ಬಂತು, ಒಮ್ಮೆ ಜೀಪು ಕೆಟ್ಟಿತು. ಪ್ರತಿ ಸಲವೂ ಮಾವಿನ ತೋರಣ ಒಣಗಿತು, ಹೊಸದನ್ನು ಕಟ್ಟಿದರು. ಆ ಶಾಲೆಯಲ್ಲಿ ಇಷ್ಟು ನಿಷ್ಠೆಯಿಂದ ನಡೆದ ಇನ್ನೊಂದು ಕೆಲಸವನ್ನು ನಾನು ಕಾಣಲಿಲ್ಲ.

ಅಷ್ಟರಲ್ಲಿ ಮಾನ್ವಿ ಕಡೆ ಕಾಲುವೆಗೆ ನೀರು ಬಿಟ್ಟರು. ಭತ್ತದ ನಾಟಿಗೆ ಹೊರಟ ಹೆಂಗಸರ ಗುಂಪಿನೊಂದಿಗೆ ಹುಡುಗಿಯ ತಾಯಿ ಮಗಳನ್ನೂ ಸಿರವಾರಕ್ಕೆ ಕರೆದುಕೊಂಡು ಹೋದಳು. "ಸಾಲಿ ಸುರು ಆತಂದ್ರ ಹೇಳಿ ಕಳಸ್ರಿ" ಎಂದು ನನಗೆ ಹೇಳಿಯೇ ಹೋದಳು.

ದಸರೆಗೆ ಮುಂಚೆ ಸಾಹೇಬರು ಬರುವುದು ಖಚಿತವಾಯಿತು. ಸ್ವಾಗತಗೀತೆಯನ್ನು ಹದವಾಗಿ ಹಾಡಬಲ್ಲವಳು ಆ ಹುಡುಗಿ ಒಬ್ಬಳೇ ಎಂಬುದು ಆಗ ಹೆಡ್ ಮಾಸ್ತರರಿಗೆ ನೆನಪಾಯಿತು. ಜವಾನನನ್ನು ಬಸ್ಸಿನಲ್ಲಿ ಅಟ್ಟಿ ತಾಯಿ ಮಗಳಿಬ್ಬರನ್ನೂ ಕರೆಸಿದರು. ಪಾಠಕ್ಕೆ ಸಿಗದ ಬಸ್ಸು ಹಾಡಿಗೆ ಸಿಕ್ಕಿತು.

ಹಾಡು ಮುಗಿದ ಮೇಲೆ ಸಾಹೇಬರು ಅವಳ ಗಲ್ಲ ಚಿವುಟಿ, "ಎಷ್ಟನೇ ಕ್ಲಾಸಮ್ಮಾ?" ಎಂದರು.

"ಭತ್ತದ ಗದ್ದಿಗೆ ಹೋಗ್ತೀನ್ರಿ."

ಅವರು ನಕ್ಕರು. ಹೆಡ್ ಮಾಸ್ತರು ಅವರಿಗಿಂತ ಹೆಚ್ಚು ನಕ್ಕರು. ಆಮೇಲೆ ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಭಾಷಣ. ಅದು ರಾಯಚೂರಿನ ಪತ್ರಿಕೆಯಲ್ಲೂ ಬಂತು. ನನ್ನ ಶಾಲೆಯ ಸುದ್ದಿಯೆಂದು ನಮ್ಮ ಮನೆಯವರು ಅದನ್ನು ಹೆಮ್ಮೆಯಿಂದ ಕತ್ತರಿಸಿ ಇಟ್ಟುಕೊಂಡರು.

ಮರುದಿನ ಹುಡುಗಿ ತಲೆ ಬಾಚಿಕೊಂಡು, ಪಾಟಿಚೀಲ ಹಿಡಿದು ಬಂದಳು. ಹಿಂದೆಯೇ ತಾಯಿ, ಬಟ್ಟೆಯ ಗಂಟಿನೊಂದಿಗೆ. ಖೋಲಿಯ ತುಂಬ ಬಾಡಿಗೆ ಕುರ್ಚಿ, ಶಾಮಿಯಾನದ ಕಂಬ.

"ಇವನ್ನೆಲ್ಲ ಒಯ್ಯಾಕ ಗಾಡಿ ಬರಲಿ. ಸೋಮವಾರ ಸುರು ಮಾಡೋಣಂತ," ಎಂದರು ಹೆಡ್ ಮಾಸ್ತರು.

"ಯಪ್ಪಾ, ನಿಮ್ಮ ಸೋಮಾರ ಯಾವ ತಿಂಗಳಾಗ ಬರ್ತದ?" ಎಂದಳು ತಾಯಿ.

ನಾನು ಕುರ್ಚಿಗಳನ್ನು ಎಳೆದು ಅಂಗಳಕ್ಕೆ ಹಾಕತೊಡಗಿದೆ. ಹುಡುಗಿಯೂ ಕೈಹಚ್ಚಿದಳು. ತೆರವಾದಷ್ಟು ಜಾಗದಲ್ಲಿ ಅವಳನ್ನು ಕೂಡಿಸಿ ಆರನೆಯ ತರಗತಿಯ ಮೊದಲ ಪಾಠ ಓದಿಸಿದೆ. ಹೊರಗೆ ಸಿರವಾರದ ಬಸ್ಸು ಹಾರ್ನ್ ಹೊಡೆದು ಹೋಯಿತು. ತಾಯಿ ಬಾಗಿಲಲ್ಲಿ ಕೂತೇ ಇದ್ದಳು.

"ಒಂದು ಬಸ್ಸು ಬಿಟ್ಟೀನ್ರಿ ಅಕ್ಕೋರೆ," ಎಂದಳು ಸಂಜೆ. "ನಾಳಿನೂ ಬಿಟ್ರ ಕಳೆ ತೆಗಿಯೋ ಗುಂಪಿನವ್ರು ನಮ್ಮ ಜಾಗಾಕ ಬ್ಯಾರೆಯವ್ರನ್ನ ಹಚ್ಕೊಂತಾರ. ನಾಟಿ ಹೊತ್ತಿನ್ಯಾಗ ಈ ಬಾಗಿಲ ತೆಗದಿದ್ರ ಇಕಿನ್ನ ಕರ್ಕೊಂಡೇ ಹೋಗ್ತಿರಲಿಲ್ಲ. ಈಗ ಇಕಿ ಕೂಲಿನೂ ಮನಿಗೆ ಬೇಕಾಗೇದ."

ಬೆಳಗಿನ ಬಸ್ಸಿಗೆ ಇಬ್ಬರೂ ಹೋದರು. ಹೆಡ್ ಮಾಸ್ತರು ಖೋಲಿಯೊಳಗೆ ಬಂದು ಕೂತು, ಕುರ್ಚಿ ಎಳೆದಾಗ ಹೊಸ ನೆಲದ ಮೇಲೆ ಬಿದ್ದ ಗೀರುಗಳನ್ನು ಬೆರಳಿನಿಂದ ಸವರಿ ಸವರಿ ನೋಡಿದರು.