ಕೆಂಪಿಯ ಕೊರಳ ಬೆಲ್ಟು

ಚಾಂಪಿಯನ್ ರೀಫ್ಸ್‌ನಿಂದ ಬಂಗಾರಪೇಟೆಗೆ ಬರುವ ದಾರಿಯಲ್ಲಿ ಕನಕಮ್ಮನ ಊರು. ಮುಚ್ಚುವುದಿಲ್ಲವೆಂದು ನಂಬಿಸಿ ಮೇಲಿನವರು ಗಂಡ ದುಡಿಯುತ್ತಿದ್ದ ಚಿನ್ನದ ಗಣಿ ಮುಚ್ಚಿದಾಗಿನಿಂದ ಆಕೆಗೆ ಹೊರಗಿನವರ ಮಾತೆಂದರೆ ಅನುಮಾನ. ಕರೆಂಟಿನವನು ಬಂದರೂ ಅನುಮಾನ, ಲಸಿಕೆಯವನು ಬಂದರೂ ಅನುಮಾನ. ಗಂಡ ತೀರಿಕೊಂಡ ಮೇಲೆ ಕೆಂಪಿ ಎಂಬ ಹಸುವಿನ ಹಾಲು ಮಾರಿಯೇ ಮಗಳಿಗೆ ಮದುವೆ ಮಾಡಿದವಳು. ಈಗ ಮುದಿ ಕೆಂಪಿ ಹಿತ್ತಲಲ್ಲಿದೆ. ಮುಂದಿನ ಕೊಟ್ಟಿಗೆಯಲ್ಲಿ ಅದರ ಮಗಳು ಗೌರಿ, ಮೊನ್ನೆಯಷ್ಟೇ ಕರು ಹಾಕಿದ್ದು.

ಕರು ಹಾಕಿದ ಹಸುವನ್ನು ಕನಕಮ್ಮ ಯಾರಿಗೂ ತೋರಿಸುವವಳಲ್ಲ. ದೃಷ್ಟಿಯಾದರೆ? ಕೊಟ್ಟಿಗೆಗೆ ಗೋಣಿತಾಟಿನ ಪರದೆ, ಗೌರಿಯ ಕೊರಳಿಗೆ ಕರಿದಾರ. ಇಂಥವಳ ಮನೆಗೆ ಡೇರಿ ಕಾರ್ಯದರ್ಶಿ ಜಯರಾಮಪ್ಪ ಒಂದು ಬೆಲ್ಟು ತಂದ.

"ಅಕ್ಕಾ, ಇದನ್ನ ಕಟ್ಟಿದ್ರೆ ಹಸಾ ಮೆಲುಕು ಆಕ್ತೈತಾ, ಜ್ವರ ಬಂದೈತಾ, ಎಲ್ಲಾ ನನ್ನ ಫೋನಿಗೆ ಬತ್ತೈತೆ."

"ನಿನ್ನ ಫೋನಿಗೊಂದೇನಾ?"

"ಬೆಂಗ್ಳೂರು ಆಫೀಸ್ನಾಗೂ ನೋಡ್ತಿರ್ತಾರೆ."

ಅಯ್ಯೋ ಶಿವನೇ! ಪಕ್ಕದ ಮನೆಯವಳಿಗೂ ತೋರಿಸದ ಹಸುವನ್ನು ಯಾರೋ ಕಂಡು ಕೇಳರಿಯದವರು ಹಗಲೂ ರಾತ್ರಿ ನೋಡುವುದೇ? ಎದುರಿಗೆ ಸುಮ್ಮನೆ ತಲೆಯಾಡಿಸಿದಳು. ಅವನು ಗೌರಿಗೆ ಕಟ್ಟಿ ಹೋದದ್ದೇ ತಡ, ಬಿಚ್ಚಿ ಕೆಂಪಿಯ ಕೊರಳಿಗೆ ಬಿಗಿದಳು. ಮುದಿ ಹಸುವಿಗೆ ಯಾರ ಕಣ್ಣು ಬೀಳಬೇಕು?

ಒಂದು ಬೆಳಿಗ್ಗೆ ಜಯರಾಮಪ್ಪನ ಫೋನು. "ಅಕ್ಕಾ, ನಿನ್ನೆಯಿಂದ ಹಸಾ ಮೆಲುಕೇ ಆಕ್ತಿಲ್ಲ, ಮೈ ಸುಡ್ತೈತೆ ಅಂತ ತೋರಿಸ್ತೈತೆ. ಡಾಕ್ಟ್ರನ್ನ ಕರ್ಕೊಂಬರ್ಲಾ?"

ಕನಕಮ್ಮ ಗೌರಿಯತ್ತ ನೋಡಿದಳು. ಕಣ್ಣು ಮುಚ್ಚಿ ಸುಖವಾಗಿ ಮೆಲುಕು ಹಾಕುತ್ತಿತ್ತು.

"ನಿನ್ನ ಬೆಲ್ಟಿಗೆ ಬೆಂಕಿ ಆಕ! ಗೌರಿ ನನ್ನ ಮುಂದೇನೇ ಮೆಲುಕು ಆಕ್ತೈತೆ. ಸುಳ್ಳು ಯಂತ್ರ ಅಂತ ನಂಗೆ ಮೊದ್ಲೇ ಗೊತ್ತಿತ್ತು."

"ಕೆಟ್ಟಿರ್ಬೇಕು ಬಿಡಕ್ಕಾ. ಸಾಯಂಕಾಲ ಬಂದು ಬಿಚ್ಕೊಂಡು ಓಗ್ತೀನಿ."

ಗೆದ್ದೆನೆಂದು ಬೀಗುತ್ತ ಕನಕಮ್ಮ ಕಲಗಚ್ಚಿನ ಬಕೆಟ್ಟು ಹಿಡಿದು ಹಿತ್ತಲಿಗೆ ಹೋದಳು. ಕೆಂಪಿ ತಲೆ ಎತ್ತಲಿಲ್ಲ. ನಿನ್ನೆ ಎಸೆದು ಹೋದ ಹುಲ್ಲು ಹಾಗೇ ಬಿದ್ದಿತ್ತು. ಕಿವಿ ಮುಟ್ಟಿದರೆ ಕೆಂಡ. ಕೊರಳಲ್ಲಿ ಅದೇ ಬೆಲ್ಟು.

ಬಕೆಟ್ಟನ್ನು ಅಲ್ಲೇ ಕುಕ್ಕಿದಳು. ಬಾಯಿ ಬಿಟ್ಟರೆ ಊರೆಲ್ಲ ನಗುತ್ತದೆ, ಸುಮ್ಮನಿದ್ದರೆ ಕೆಂಪಿ ಉಳಿಯುವುದಿಲ್ಲ. ನಾಚಿಕೆಯಾದರೂ ಫೋನು ಒತ್ತಿದಳು.

"ಜಯರಾಮಪ್ಪಾ, ಡಾಕ್ಟ್ರನ್ನ ಈಗ್ಲೇ ಕರ್ಕೊಂಬಾರಪ್ಪಾ. ಬೆಲ್ಟು ಕೆಂಪಿ ಕೊಳ್ಳಾಗೈತೆ. ನಾನೇ ಕಟ್ಟಿದ್ದು."

ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು. ಸಾಯಂಕಾಲದ ಹೊತ್ತಿಗೆ ಕೆಂಪಿ ಒಂದಿಷ್ಟು ನೀರು ಕುಡಿಯಿತು. ಜಯರಾಮಪ್ಪ ನಗುತ್ತ ಬೆಲ್ಟಿಗೆ ಕೈ ಹಾಕಿದ.

"ಇನ್ನಾದ್ರೂ ಗೌರಿಗೆ ಕಟ್ಲೇನಕ್ಕಾ?"

ಕನಕಮ್ಮ ಅವನ ಕೈ ತಡೆದಳು.

"ಬ್ಯಾಡ ಕಣಪ್ಪಾ. ಗೌರೀನ ನಾನು ದಿನಾ ನೋಡ್ತೀನಿ. ಕೆಂಪೀನ ನೋಡೋದೇ ಬಿಟ್ಬುಟ್ಟಿದ್ದೆ. ಆ ಬೆಂಗ್ಳೂರ್ನೋರಾದ್ರೂ ನೋಡ್ಲಿ."