ನವಾರದ ಸೀಟಿನ ಕಾರು

ಬೆಳಗಿನ ಐದೂವರೆ. ಅಬ್ಬಿಗೇರಿಯ ಓಣಿಯೊಂದರಲ್ಲಿ ಬದರುನ್ನಿಸಾ ಪುಟ್ಟ ಎಲೆಕ್ಟ್ರಿಕ್ ಕಾರಿನ ಪಕ್ಕ ಕೊಕ್ಕೆಯ ತಕ್ಕಡಿ ಹಿಡಿದು ನಿಂತಿದ್ದಾರೆ. ತೂಗುತ್ತಿರುವುದು ಅಜ್ಜಿ ಹೊಳೆವ್ವನ ರೊಟ್ಟಿ ಗಂಟು. ಅದನ್ನು ಹೊಳೆವ್ವನೇ ಎತ್ತಿ ಕೊಕ್ಕೆಗೆ ಹಾಕಬೇಕು, ಅದು ಈ ಕಾರಿನ ಕಟ್ಟಳೆ.

“ಎರಡೂವರಿ ಕಿಲೋ! ಆಯಿ, ಮದಿವಿಗೆ ಹೊಂಟಿಯೇನ?”

“ದವಾಖಾನ್ಯಾಗ ಎಲ್ಲಾರೂ ದಾರಿ ಕಾಯ್ತಿರ್ತಾರ. ಬರಿಗೈಲೆ ಹ್ಯಾಂಗ ಹೋಗ್ಲಿ?” ಹೊಳೆವ್ವ ಸೋಲುವವರಲ್ಲ. ಗಂಟು ಒಳಗೆ ಸೇರುತ್ತದೆ.

ನಲವತ್ತಾರರ ಬದರುನ್ನಿಸಾ ನವಾರದ, ಅಂದರೆ ಅಗಲ ನೂಲುಪಟ್ಟಿಯ, ಮಂಚ ಹೆಣೆಯುವ ಮನೆತನದವರು. ಮೂರು ವರ್ಷಗಳಿಂದ ಈ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ವಾರಕ್ಕೆ ಮೂರು ದಿನ ಸುತ್ತಲಿನ ಹಳ್ಳಿಗಳ ಡಯಾಲಿಸಿಸ್ ರೋಗಿಗಳನ್ನು ರೋಣಕ್ಕೆ ಕರೆದೊಯ್ದು ಮರಳಿ ತರುತ್ತಾರೆ. ಒಟ್ಟು ಸುತ್ತು ನಲವತ್ತೆಂಟು ಕಿಲೋಮೀಟರ್. ಮೊದಲು ನೂರು ಓಡುತ್ತಿದ್ದ ಬ್ಯಾಟರಿ ಈಗ ಐವತ್ತರ ಆಸುಪಾಸಿನಲ್ಲೇ ಕೈ ಎತ್ತುತ್ತದೆ. ಒಮ್ಮೆ ಮರಳುವಾಗ ನಡುದಾರಿಯಲ್ಲಿ ನಿಂತೇಬಿಟ್ಟಿತು. ಬಿಸಿಲಲ್ಲಿ ಬಸವಳಿದ ಹೊಳೆವ್ವ ಹೆದರಿ ಮುಂದಿನ ಡಯಾಲಿಸಿಸ್ ಸರದಿ ತಪ್ಪಿಸಿದರು. ಮೈಯಲ್ಲಿ ನೀರು ತುಂಬಿ, ಉಸಿರಿಗೆ ಒದ್ದಾಡಿದರು.

ಹಾಗಾದರೆ ಇನ್ನೊಂದು ಬ್ಯಾಟರಿ ಹಾಕಿಸಬಾರದೇ? ಈ ಕಾರು ನೋಡಲೆಂದೇ ಬಂದ ನನ್ನ ಜಾಣ ಪ್ರಶ್ನೆಗೆ ಬದರುನ್ನಿಸಾ ನಗುತ್ತಾರೆ.

“ಹಾಕ್ಸಿದ್ನಿರಿ. ಹಳೇವು, ಸಸ್ತಾ ಸಿಕ್ಕಿದ್ವು. ಎಂಬತ್ತು ಕಿಲೋ! ಹಿಂದಿನ ಸೀಟಿನ್ಯಾಗ ಅವ ಕುಂತ್ವು. ಗಾಡಿ ದೂರ ಹೋಗ್ತಿತ್ತು ಖರೇ, ಮಂದಿನ್ನ ಬಿಟ್ಟು.”

ಹಗುರವಾದ ಹೊಸ ಬ್ಯಾಟರಿಗೆ ಅವರು ಕಾರು ಕೊಂಡದ್ದಕ್ಕಿಂತ ಹೆಚ್ಚು ಬೆಲೆ. ಕೂಡಿಸಲಾಗದಿದ್ದರೆ ಕಳೆದು ನೋಡೋಣ ಎಂದುಕೊಂಡರು. ಇಪ್ಪತ್ತೇಳು ಕಿಲೋ ತೂಗುವ ಹಿಂದಿನ ಸೀಟನ್ನೇ ಕಿತ್ತರು. ವೆಲ್ಡಿಂಗ್ ಅಂಗಡಿಯ ಮಾಲತೇಶ ಪೈಪಿನ ಚೌಕಟ್ಟು ಮಾಡಿಕೊಟ್ಟರು, ಇವರು ಅದಕ್ಕೆ ಮಂಚದಂತೆಯೇ ನವಾರ ಬಿಗಿದರು. ಈಗ ಒಂಬತ್ತೇ ಕಿಲೋ. ನಾನೂ ಕುಳಿತು ನೋಡಿದೆ, ಬೆನ್ನಿಗೆ ಹಿತವಾಗಿದೆ.

ಹದಿನೆಂಟು ಕಿಲೋ ಇಳಿಸಿದ್ದಕ್ಕೆ ಎಷ್ಟು ದೂರ ಗಿಟ್ಟಿತು?

“ಅರ್ಧ ಕಿಲೋಮೀಟರ್ ರೀ,” ಎಂದು ಗಂಭೀರವಾಗಿ ಹೇಳುತ್ತಾರೆ. “ಸಾವಕಾಶ ಹೊಡದ್ರ ಐದು!”

ಅಂದಮೇಲೆ ಎರಡೂವರೆ ಕಿಲೋ ರೊಟ್ಟಿ ಯಾವ ಲೆಕ್ಕ? ದಿನಾ ತೂಗುವುದೇಕೆ? ಹೊಳೆವ್ವ ಕಾರಿನೊಳಗಿದ್ದಾರೆ. ಬದರುನ್ನಿಸಾ ದನಿ ತಗ್ಗಿಸುತ್ತಾರೆ.

“ಗಂಟು ಎತ್ತುವಾಗ ದಮ್ಮು ಹತ್ತತೈತೇನು, ಮಾರಿ ಬಾತೈತೇನು, ನೋಡ್ತೀನ್ರಿ. ಕೇಳಿದ್ರ ಆಯಿ ‘ಆರಾಮ ಅದೀನಿ’ ಅಂತಾಳ. ಖರೇ ಹೇಳಂಗಿಲ್ಲ.”

ಅವರು ಮಾತು ಮುಂದುವರಿಸುತ್ತಾರೆ. ಹೋದ ವರ್ಷದವರೆಗೆ ಮುಂದಿನ ಸೀಟು ಡಯಾಲಿಸಿಸ್‌ಗೆ ಬರುತ್ತಿದ್ದ ಕಳಕಪ್ಪನದು. ಆತ ತೀರಿಕೊಂಡ ಮೇಲಿನ ಮೊದಲ ಸುತ್ತು ಮುಗಿದಾಗ ಮೀಟರಿನಲ್ಲಿ ಎಂದಿಗಿಂತ ಎರಡು ಕಿಲೋಮೀಟರಿನಷ್ಟು ಹೆಚ್ಚು ಚಾರ್ಜ್ ಉಳಿದಿತ್ತಂತೆ.

“ಗಾಡಿ ಹಗುರ ಆಗ್ಬೇಕ್ರಿ,” ಎನ್ನುತ್ತಾ ಬದರುನ್ನಿಸಾ ಹೊಳೆವ್ವನ ಬೆಲ್ಟ್ ಬಿಗಿಯುತ್ತಾರೆ. “ಆದ್ರ ಹಂಗ ಆಗೋದು ಬ್ಯಾಡ.”